ರಾಯರ ಹಿತ್ತಲ ಬಾಗಿಲಲ್ಲಿ ನಿಂತುಬಿಡುವ ಕುದುರೆಯವರಿಗೆ

ಹಳೇ ಹುಬ್ಬಳ್ಳಿ, ತಾ. ೯ ಫೆಬ್ರುವರಿ ೧೯೩೭

ಮಾನ್ಯ ಮೋತಿ ಕುದುರೆಯವರೇ,

ತಮ್ಮ ಮೂರು ಗೊರಸುಗಳಿಗೆ ತಲಾ ಒಂದು, ಲಾಳ ಕಳೆದುಕೊಂಡ ನಾಲ್ಕನೆಯದಕ್ಕೆ ಎರಡು ಸಲಾಮುಗಳು. ತಮ್ಮ ಟಾಂಗಾ ಹೊಡೆಯುವ ಇಮಾಮಹುಸೇನನಾದ ನಾನು, ತಾವು ಓದಲಾರಿರಿ ಎಂಬ ಧೈರ್ಯದಿಂದಲೂ ಊರವರು ಓದಿಯಾರು ಎಂಬ ಆಸೆಯಿಂದಲೂ ಬರೆದುಕೊಳ್ಳುವ ದೂರು ಏನೆಂದರೆ, ತಾವು ದೊಡ್ಡವರ ಮಾನ ಕಳೆಯುತ್ತಿದ್ದೀರಿ.

ಕಳೆದ ದೀಪಾವಳಿಯ ಮರುದಿನ ನಮ್ಮ ಓಣಿಯ ಲಾಯಗಳಿಗೆ ಬೆಂಕಿ ಬಿದ್ದು ಹನ್ನೊಂದು ಟಾಂಗಾಗಳು ಬೂದಿಯಾದಾಗ, ಊರವರು ಕೂಡಿಸಿ ಕೊಟ್ಟ ವರ್ಗಣಿಯ ಹಣದಿಂದ ಪರಿಹಾರ ಮಂಡಳಿ ಹುಟ್ಟಿತು. ಅದರ ಅಧ್ಯಕ್ಷರಾದ ಪಂಢರಿನಾಥರಾಯರು ನನಗೆ ಬೇರೊಂದು ಟಾಂಗಾವನ್ನೂ ಅದಕ್ಕೆ ತಮ್ಮನ್ನೂ ಕೊಡಿಸಿ, ಧಂದೆ ಹಾದಿಗೆ ಬರುವವರೆಗೆ ತಿಂಗಳಿಗೊಂದು ಚೀಲ ಹುರುಳಿಯನ್ನೂ ಗೊತ್ತುಮಾಡಿದರು. ತಾವು ಬಂದಿರಿ, ಹುರುಳಿ ಬರಲಿಲ್ಲ. ಮಂಡಳಿಯ ಪುಸ್ತಕದಲ್ಲಿ ಮಾತ್ರ ತಾವು ಆಗಲೇ ನಾಲ್ಕು ಚೀಲ ತಿಂದು ಮುಗಿಸಿದ್ದೀರಂತೆ. ತಿಂದದ್ದು ಹೌದಾದರೆ ನನಗೂ ಒಂದು ಮಾತು ತಿಳಿಸಬಾರದಿತ್ತೇ?

ಇಷ್ಟಾಗಿಯೂ ಸುಮ್ಮನಿರದೆ, ಸ್ಟೇಶನ್ನಿನ ಗಿರಾಕಿಗಳನ್ನು ಎಳೆದುಕೊಂಡು ಹೊರಟವರು ರಾಯರ ಹಿತ್ತಲ ಬಾಗಿಲು ಬಂದೊಡನೆ ನಿಂತು, ಅವರ ಎರಡು ಎಮ್ಮೆಗಳಿಗಾಗಿ ಹಂಡೆಯಲ್ಲಿ ಬೇಯುತ್ತಿರುವ ಹುರುಳಿಯ ವಾಸನೆ ಹಿಡಿದು ಕೆನೆಯುತ್ತೀರಿ. ಆಮೇಲೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಮೊನ್ನೆ ತಮ್ಮಿಂದಾಗಿ ಪುಣೆ ಗಾಡಿ ತಪ್ಪಿಸಿಕೊಂಡ ಗಿರಾಕಿ ಅಂಬಾಬಾಯಿಯವರು ಅಲ್ಲೇ ಹಾಸಿಗೆ ಸುರುಳಿಯ ಮೇಲೆ ಕುಳಿತು, ಓಣಿಗೆಲ್ಲ ಕೇಳುವಂತೆ, "ಕುದರಿಗೆ ಹಸಿವಿ ಆಗೇದ ಇಮಾಮ, ಅದರದೇನು ತಪ್ಪು?" ಎಂದುಬಿಟ್ಟರು.

ತಮ್ಮ ಮೂಗನ್ನು ಹೊಗಳದೆ ಇರಲಾರೆ. ಹುರುಳಿ ಎಲ್ಲಿ ಹೋಯಿತೆಂದು ನೋಡಲು ಮಂಡಳಿಯ ಐವರು ಮೇಲ್ವಿಚಾರಕರು ಮೂರು ಸಲ ರಾಯರ ಅದೇ ವಾಡೆಗೆ ಹೋಗಿ, ಪಡಸಾಲೆಯಲ್ಲಿ ಚಹಾ ಕುಡಿದು, "ರಾಯರ, ಹಾಲು ಭಾಳ ಗಟ್ಟಿ ಅವ ನೋಡ್ರಿ" ಎಂಬ ಒಂದೇ ವರದಿ ಕೊಟ್ಟು ಬಂದಿದ್ದಾರೆ. ಅವರಲ್ಲೊಬ್ಬರಾದ ಗೌಸಮೊದ್ದೀನ ಸಾಹೇಬರಂತೂ ಕೆನೆಯನ್ನು ಬೇರೆ ಕೇಳಿ ಹಾಕಿಸಿಕೊಂಡರಂತೆ. ಐವರು ಚಶ್ಮಾ ಹಾಕಿಕೊಂಡು ಕಾಣದ್ದನ್ನು ತಾವು ಕಣ್ಣಿನ ಪಕ್ಕಕ್ಕೆ ಪಟ್ಟಿ ಕಟ್ಟಿಕೊಂಡೇ ಕಂಡಿರಿ.

ಈಗ ಮಂಡಳಿಯ ನೋಟೀಸು ಬಂದಿದೆ. ನಾಲ್ಕು ಚೀಲ ತಿಂದೂ ತಮ್ಮ ಪಕ್ಕೆಲುಬು ಕಾಣುತ್ತಿರುವುದು ನನ್ನ ಅಲಕ್ಷ್ಯವಾದ್ದರಿಂದ, ಸೋಮವಾರ ಮುಂಜಾನೆ ರಾಯರ ವಾಡೆಯಲ್ಲಿ ತಮ್ಮನ್ನು ವಾಪಸು ಒಪ್ಪಿಸಬೇಕಂತೆ. ತಾವು ಹೋದರೆ ನನ್ನ ಮನೆಯ ಒಲೆ ಹೊತ್ತುವುದಿಲ್ಲ. ನನ್ನ ಹೆಂಡತಿ ಕರೀಮಾಬಿ ನಿನ್ನೆ ತನ್ನ ಪಾಲಿನ ರೊಟ್ಟಿಯನ್ನು ತಮಗೆ ತಿನ್ನಿಸಿ, ನನಗೆ ತಿಳಿಸಬಾರದೆಂದು ತಮ್ಮ ಕಿವಿಯಲ್ಲಿ ಹೇಳಿದ್ದನ್ನು ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೇನೆ.

ಆದ್ದರಿಂದ ತಾವು ಸೋಮವಾರದೊಳಗೆ ದಯಮಾಡಿ ದಪ್ಪಗಾಗಬೇಕು. ಅದಾಗದಿದ್ದರೆ ಗಾಳಿ ಕುಡಿದಾದರೂ ಪಕ್ಕೆ ತುಂಬಿಕೊಳ್ಳಬೇಕು, ಇಲ್ಲವೆ ನಾಲ್ಕೂ ಚೀಲ ಎಲ್ಲಿ, ಯಾರ ಎದುರಿಗೆ ತಿಂದಿರೆಂದು ಬರೆದು ಗೊರಸೊತ್ತಿ ಕೊಡಬೇಕು. ಇದಾವುದೂ ಅನುಕೂಲವಿಲ್ಲದಿದ್ದರೆ ಮಂಡಳಿಯ ಆರನೆಯ ಮೇಲ್ವಿಚಾರಕರಾಗಲು ಒಪ್ಪಬೇಕು. ಸೋಮವಾರ ನಾನು ಹಿತ್ತಲ ಬಾಗಿಲಲ್ಲೇ ಲಗಾಮು ಸಡಿಲು ಬಿಡುತ್ತೇನೆ. ವರ್ಗಣಿ ಕೊಟ್ಟ ಊರವರು ಹಿಂದೆ ಬರಲು ಒಪ್ಪಿದ್ದಾರೆ. ತನಿಖೆ ತಮ್ಮ ಮೂಗಿಗೆ ಬಿಟ್ಟದ್ದು.

ಸದಾ ತಮ್ಮ ಬೆನ್ನ ಹಿಂದಿರುವ,
ತಮ್ಮ ವಿಶ್ವಾಸಿ,
ಇಮಾಮಹುಸೇನ

ತಾ.ಕ.: ಅಂದು ರಾಯರು ಹೊಸ ಮೇಲ್ವಿಚಾರಕರಾದ ತಮಗೂ ಚಹಾ ಕೊಡಿಸಿದರೆ ಸಂಕೋಚಪಡಬೇಡಿರಿ. ಹಾಲು ಹೇಗೂ ತಮ್ಮ ಹುರುಳಿಯದೇ.