ಲಿಫ್ಟಣ್ಣನ ಆಕಳಿಕೆ

ಚಳಿ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಅಂಥ ದಿನಗಳ ಒಂದು ಸೋಮವಾರ, ಬೆಳಿಗ್ಗೆ ಏಳೂಕಾಲಿಗೆ ಲಿಫ್ಟಣ್ಣನ ಗ್ರಹಚಾರ ನಾಲ್ಕನೇ ಮಹಡಿಯಿಂದ ಶುರುವಾಯಿತು.

ಲಿಫ್ಟಣ್ಣನಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಐದು ಮಹಡಿಯ ಆ ಹಳೆಯ ಕಟ್ಟಡದಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ಲಿಫ್ಟಿನೊಳಗೆ ಮರದ ಸ್ಟೂಲಿನ ಮೇಲೆ ಕೂತು ಹಿತ್ತಾಳೆಯ ಹಿಡಿ ತಿರುಗಿಸುತ್ತಿದ್ದ. ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ. ಸರಿಯಾದ ಗಳಿಗೆ ನೋಡಿ ಕೈಬಿಟ್ಟರೆ ಮಾತ್ರ ಲಿಫ್ಟಿನ ನೆಲವೂ ಮಹಡಿಯ ನೆಲವೂ ಸಮಕ್ಕೆ ಬರುತ್ತಿದ್ದವು. ಬೇರೆಯವರು ಮುಟ್ಟಿದರೆ ಅದು ಮೊಣಕಾಲುದ್ದ ಮೇಲೋ ಕೆಳಗೋ ನಿಂತು ಎಮ್ಮೆಯ ಹಾಗೆ ಹಟ ಹಿಡಿಯುತ್ತಿತ್ತು.

ಆ ದಿನ ಸಂಜೆ ಐದಕ್ಕೆ ಕೆಳಗಿನ ಹಜಾರದಲ್ಲಿ ನಿವಾಸಿಗಳ ಸಭೆ ಇತ್ತು. ವಿಷಯ ಒಂದೇ: ಹಿಡಿ ಕಿತ್ತು ಬಟನ್ ಹಾಕಿಸುವುದೋ ಬೇಡವೋ. ಬಟನ್ ಬಂದರೆ ಸ್ಟೂಲಿಗೆ ಜಾಗವಿಲ್ಲ, ಸ್ಟೂಲಿನ ಮೇಲೆ ಕೂತವನಿಗಂತೂ ಇಲ್ಲವೇ ಇಲ್ಲ. ಹೊರಡುವಾಗ ಹೆಂಡತಿ ಬಾಗಿಲವರೆಗೂ ಬಂದು ಹೇಳಿದ್ದಳು: "ಇವತ್ತೊಂದು ದಿನ ಎಲ್ಲರ ಹತ್ರ ನಗ್ತಾ ಮಾತಾಡಿ. ನಿಮ್ಮ ಗುಣ ನೀವೇ ಸ್ವಲ್ಪ ಹೇಳ್ಕೊಳ್ಳಿ. ಐವತ್ತಾರು ಆದವರಿಗೆ ಹೊಸ ಕೆಲಸ ಯಾರು ಇಟ್ಕೊಂಡು ಕೂತಿದಾರೆ?"

ಹಾಗಾಗಿ ನಾಲ್ಕನೇ ಮಹಡಿಯಲ್ಲಿ ವಿಮೆ ಏಜೆಂಟ್ ಲಿಫ್ಟಿನೊಳಗೆ ಕಾಲಿಟ್ಟಾಗ ಲಿಫ್ಟಣ್ಣ ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕ. "ನಮಸ್ಕಾರ ಸರ್. ಕೆಳಗೆ ತಾನೆ?"

ಏಜೆಂಟ್ ಬ್ಯಾಗನ್ನು ಎದೆಗೆ ಅವುಚಿಕೊಂಡು ಮೂಲೆಗೆ ಒತ್ತಿ ನಿಂತ. ಮೂರನೇ ಮಹಡಿ ದಾಟುವಾಗ ಲಿಫ್ಟಣ್ಣನ ಮುಖದ ಹತ್ತಿರ ಮುಖ ತಂದು, ತೊಟ್ಟಿಯ ಮುಚ್ಚಳ ತೆಗೆದ ಹಾಗೆ ಬಾಯಿ ತೆರೆದು ಆಕಳಿಸಿದ. ಆಕಳಿಸುತ್ತಲೇ ಒಂದು ಕಣ್ಣು ಅರೆ ತೆರೆದು ನೋಡಿದ. ಲಿಫ್ಟಣ್ಣನ ಮೂಗಿನ ಹೊಳ್ಳೆ ಕೊಂಚ ಅರಳಿತು, ಅಷ್ಟೆ. ಏಜೆಂಟ್ ಇನ್ನೊಂದು ಸಲ ಆಕಳಿಸಿದ, ಈ ಸಲ ಸದ್ದು ಸಮೇತ.

"ರಾತ್ರಿ ನಿದ್ದೆ ಕಮ್ಮಿ ಆಯ್ತಾ ಸರ್?"

"ನಿನಗೆ ಏನೂ ಅನ್ನಿಸ್ತಿಲ್ವಾ?"

"ನನಗೇನ್ ಸರ್, ಆರಾಮಾಗಿದೀನಿ."

"ಒಳಗಿಂದ ಏನೂ ಬರ್ತಿಲ್ವಾ?"

"ಏನ್ ಸರ್ ಬರ್ಬೇಕು?"

ಏಜೆಂಟಿನ ಮುಖ ಸುಣ್ಣ ಹೊಡೆದ ಗೋಡೆಯಾಯಿತು. "ಇಲ್ಲೇ ಇಳೀತೀನಿ, ನಿಲ್ಸು, ನಿಲ್ಸು" ಎಂದು ಎರಡನೇ ಮಹಡಿಯಲ್ಲಿ ಹಾರಿಕೊಂಡು ಮೆಟ್ಟಿಲು ಹಿಡಿದು ದಡದಡ ಓಡಿದ. ಸಿಕ್ಕಿದವರನ್ನು ಅರ್ಧ ಗಂಟೆ ಬಿಡದ ಮನುಷ್ಯ ಹೀಗೆ ಓಡಿದ್ದನ್ನು ಲಿಫ್ಟಣ್ಣ ಇಪ್ಪತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ಓಹೋ, ಇವನು ಬಟನ್ ಕಡೆ ಸೇರಿದಾನೆ, ಅದಕ್ಕೇ ಮುಖ ಕೊಟ್ಟು ಮಾತಾಡಲು ಆಗುತ್ತಿಲ್ಲ ಎಂದು ಅವನಿಗೆ ಅನುಮಾನ ಬಂತು.

ಎಂಟು ಗಂಟೆಗೆ ಮೂರನೇ ಮಹಡಿಯ ಟೈಲರ್ ಬಟ್ಟೆಗಂಟು ಹೊತ್ತು ಬಂದ. ಅವನೂ ಒಂದು ಆಕಳಿಕೆ ಹಾಕಿ, ಸ್ವಲ್ಪ ಕಾದು ನೋಡಿ, ಆಮೇಲೆ ಕೇಳಿದ.

"ಲಿಫ್ಟಣ್ಣ, ನೀನು ಇಷ್ಟು ವರ್ಷದಲ್ಲಿ ರಜೆ ಹಾಕಿದ್ದೇ ಇಲ್ಲ ಅಲ್ವಾ?"

ತನ್ನ ಗುಣ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆ ಸಮಯ ಇಲ್ಲ ಅನ್ನಿಸಿತು ಲಿಫ್ಟಣ್ಣನಿಗೆ. "ಒಂದೇ ಒಂದು ದಿನಾನೂ ಇಲ್ಲ ಸಾರ್."

"ಜ್ವರ ಗಿರ?"

"ನನ್ನ ಹತ್ರ ಸುಳಿಯಲ್ಲ."

"ಕೆಮ್ಮು?"

"ಕಬ್ಬಿಣ ಸಾರ್ ಈ ಮೈ. ಇನ್ನೂ ನೂರು ವರ್ಷ ಹೀಗೇ ಕೂತಿರ್ತೀನಿ, ನೋಡ್ತಾ ಇರಿ."

"ನೂರು ವರ್ಷ" ಎಂದು ಟೈಲರ್ ಬಾಗಿಲ ಕಡೆ ಸರಿದ. ಲಿಫ್ಟು ನಿಂತದ್ದೇ ತಡ, ಗಂಟನ್ನು ಅಲ್ಲೇ ಮರೆತು ಇಳಿದುಬಿಟ್ಟ. ಲಿಫ್ಟಣ್ಣ "ಸಾರ್, ಬಟ್ಟೆ!" ಎಂದು ಗಂಟು ಹಿಡಿದು ಹಿಂದೆ ಓಡಿದರೆ, ಟೈಲರ್ ಇನ್ನೂ ಜೋರಾಗಿ ಓಡಿದ.

ಒಂಬತ್ತರ ಮೇಲೆ ಲಿಫ್ಟಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಮೆಟ್ಟಿಲ ಕಡೆಯಿಂದ ಮಾತ್ರ ಏದುಸಿರು, ಪಿಸುಮಾತು, ಅಯ್ಯಪ್ಪಾ ಅಮ್ಮಾ. ಲಿಫ್ಟಣ್ಣ ಒಂದೊಂದು ಮಹಡಿಗೂ ತಾನೇ ಹೋಗಿ ಜಾಲರಿ ಬಾಗಿಲು ತೆರೆದು, ಊಟಕ್ಕೆ ಕರೆಯುವ ತಾಯಿಯ ಹಾಗೆ "ಬನ್ನಿ, ಬನ್ನಿ" ಎಂದು ಕರೆದ. ಕಾರಿಡಾರಿನಲ್ಲಿದ್ದವರು ಏನೋ ಮರೆತವರಂತೆ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಎಲ್ಲರೂ ಬಟನ್ನಿಗೆ ಸಹಿ ಹಾಕಿ ಆಗಿದೆ, ನನ್ನ ಮುಖ ನೋಡಲು ನಾಚಿಕೆ ಎಂದುಕೊಂಡ ಅವನು.

ಹನ್ನೊಂದಕ್ಕೆ ಐದನೇ ಮಹಡಿಯಿಂದ ಲಿಫ್ಟಿನ ಗಂಟೆ ಹೊಡೆಯಿತು. ಟೀಚರಮ್ಮ. ನಲವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಕಣ್ಣಿಗೆ ಪೊರೆ, ಎರಡೂ ಮಂಡಿಗೆ ನೋವು. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಿತ್ತು, ಮೆಟ್ಟಿಲಿಳಿಯುವುದು ಅವರಿಂದ ಆಗುವ ಕೆಲಸವಲ್ಲ. ಕೊಡೆಯನ್ನು ಈಟಿಯ ಹಾಗೆ ಮುಂದೆ ಹಿಡಿದುಕೊಂಡೇ ಒಳಗೆ ಬಂದರು. ಮೂರಕ್ಕೂ ಎರಡಕ್ಕೂ ನಡುವೆ "ನಿಲ್ಸೋ" ಎಂದರು. ಲಿಫ್ಟಣ್ಣ ನಿಲ್ಲಿಸಿದ.

"ನಿಜ ಹೇಳು. ನೀನು ಯಾವ ಕಡೆಯೋನು?"

"ಅಮ್ಮಾ, ನಾನು ಹಿಡಿ ಕಡೆಯೋನೇ. ಬಟನ್ ಕಡೆ ಹೇಗೆ ಹೋಗ್ಲಿ?"

"ಅದಲ್ಲ. ಈ ಭೂಮಿಯೋನೋ, ಬೇರೆ ಕಡೆಯೋನೋ?"

ಲಿಫ್ಟಣ್ಣ ಕಣ್ಣು ಕಣ್ಣು ಬಿಟ್ಟ. ಆಗ ಟೀಚರಮ್ಮ ವಿಷಯ ಬಿಡಿಸಿ ಹೇಳಿದರು. ಟೀವಿಯಲ್ಲಿ ಪ್ರತಿ ಭಾನುವಾರ ಸಂಜೆ 'ಆಕಾಶದ ಬಾಡಿಗೆದಾರರು' ಅಂತ ಧಾರಾವಾಹಿ ಬರುತ್ತದೆ. ಬೇರೆ ಗ್ರಹದವರು ಮನುಷ್ಯರ ವೇಷದಲ್ಲಿ ಬಂದು ಊರೂರಲ್ಲಿ ಸೇರಿಕೊಂಡಿರುತ್ತಾರೆ. ನಗುತ್ತಾರೆ, ಉಣ್ಣುತ್ತಾರೆ, ಸಂಬಳ ಸಾಲದು ಅಂತ ಗೊಣಗುತ್ತಾರೆ, ಪತ್ತೆಯೇ ಆಗುವುದಿಲ್ಲ. ನಿನ್ನೆಯ ಕಂತಿನಲ್ಲಿ ಗುಟ್ಟು ಬಯಲಾಯಿತು. ಎದುರಿಗೆ ಯಾರಾದರೂ ಆಕಳಿಸಿದರೆ ಮನುಷ್ಯನಾದವನಿಗೆ ಆಕಳಿಕೆ ಅಂಟುತ್ತದೆ. ಅವರಿಗೆ ಅಂಟುವುದಿಲ್ಲ.

"ಬೆಳಿಗ್ಗೆಯಿಂದ ನಿನ್ನ ಮುಂದೆ ಆರು ಜನ ಆಕಳಿಸಿದಾರಂತೆ. ಟೈಲರ್ ಪಟ್ಟಿ ಬರೆದಿದಾನೆ. ನೀನು ಒಂದಕ್ಕೂ ಬಾಯಿ ಬಿಟ್ಟಿಲ್ಲ."

ಬಟನ್ನಿನ ವಿಷಯವಲ್ಲ ಎಂದು ಲಿಫ್ಟಣ್ಣನಿಗೆ ಮೊದಲು ಜೀವ ಬಂತು. ಸಂಜೆ ಕೈ ಎತ್ತುವವರು ಇವರೇ ಎಂದು ನೆನಪಾಗಿ ಮತ್ತೆ ಹೋಯಿತು. "ಅಮ್ಮಾ, ಇಷ್ಟಗಲದ ಪೆಟ್ಟಿಗೆ ಇದು. ನಾನೊಬ್ಬ ಆಕಳಿಸಿದ್ರೆ ಐದನೇ ಮಹಡಿ ಸೇರೋ ಹೊತ್ತಿಗೆ ಎಲ್ಲರೂ ಆಕಳಿಸ್ತಾರೆ, ಆಫೀಸಿಗೆ ಹೋಗೋರು ಮಂಕಾಗಿಬಿಡ್ತಾರೆ. ಅದಕ್ಕೇ ಬಂದ್ರೂ ನುಂಗ್ಕೋತೀನಿ. ನುಂಗಿ ನುಂಗಿ ಅಭ್ಯಾಸ ಆಗಿಹೋಗಿದೆ."

"ಹಾಗಿದ್ರೆ ಈಗ ಆಕಳಿಸು ನೋಡೋಣ."

ಲಿಫ್ಟಣ್ಣ ಬಾಯಿ ತೆರೆದ. ಒಳಗಿಂದ ಏನೂ ಹೊರಡಲಿಲ್ಲ. ಇನ್ನಷ್ಟು ತೆರೆದ. ಒಂದು ಬಿಕ್ಕಳಿಕೆ ಬಂತು.

"ಹೊಟ್ಟೆನೋವು ಅಂತ ಸುಳ್ಳು ಹೇಳೋ ಮಕ್ಕಳನ್ನ ನಲವತ್ತು ವರ್ಷ ನೋಡಿದೀನಿ. ಇದು ಸುಳ್ಳು ಆಕಳಿಕೆ" ಎಂದು ಟೀಚರಮ್ಮ ತೀರ್ಪು ಕೊಟ್ಟರು. ಆದರೂ ಹೆದರಿದ ಹಾಗೆ ಕಾಣಲಿಲ್ಲ. ಕೊಡೆ ಕೆಳಗಿಳಿಸಿ, ದನಿ ತಗ್ಗಿಸಿ ಕೇಳಿದರು: "ಇರ್ಲಿ ಬಿಡು. ಯಾರಿಗೂ ಹೇಳಲ್ಲ. ನಿಮ್ಮ ಕಡೆ ಮಂಡಿನೋವಿಗೆ ಏನಾದ್ರೂ ಔಷಧಿ ಇದೆಯಾ?"

ಅವರನ್ನು ಕೆಳಗೆ ಬಿಟ್ಟವನೇ ಲಿಫ್ಟಣ್ಣ ಆಕಳಿಕೆಯ ಬೇಟೆಗೆ ಹೊರಟ. ಐದು ಗಂಟೆಯೊಳಗೆ ನಾಲ್ಕು ಜನರ ಎದುರು ಒಂದೇ ಒಂದು ಸಲ ಆಕಳಿಸಿದರೆ ಸಾಕು, ಅನುಮಾನ ಹೋಗುತ್ತದೆ, ಕೈಗಳು ತನ್ನ ಕಡೆ ಏಳುತ್ತವೆ ಎಂದು ಅವನ ಲೆಕ್ಕ. ಲಿಫ್ಟಿನೊಳಗೆ ತೂಗುಹಾಕಿದ್ದ ಸುರಕ್ಷತಾ ನಿಯಮಗಳನ್ನು ಮೊದಲಿಂದ ಕೊನೆವರೆಗೆ ಮೂರು ಸಲ ಓದಿದ. ಬರಲಿಲ್ಲ. ಗೇಟಿನ ಕಾವಲುಗಾರನ ಫೋನಿಂದ ಹೆಂಡತಿಗೆ ಫೋನು ಮಾಡಿದ.

"ಸ್ವಲ್ಪ ಆಕಳಿಸೇ."

"ಏನಂದ್ರಿ?"

"ಫೋನಲ್ಲೇ ಒಂದು ಸಲ ಆಕಳಿಸು, ಆಮೇಲೆ ಹೇಳ್ತೀನಿ."

"ಇಲ್ಲಿ ನನಗೆ ಬೆಳಗ್ಗೆಯಿಂದ ಎದೆ ಡವಡವ ಅಂತಿದೆ, ನಿಮಗೆ ಆಕಳಿಕೆ ಬೇಕಾ? ಮೀಟಿಂಗ್ ದಿನ ನಿದ್ದೆ ಹೊಡೀಬೇಕು ಅಂತಿದೀರಾ?" ಎಂದು ಅವಳು ಕೊಟ್ಟ ಮಂಗಳಾರತಿಗೆ ಇದ್ದ ಅಲ್ಪಸ್ವಲ್ಪ ನಿದ್ದೆಯೂ ಹಾರಿಹೋಯಿತು.

ಕೊನೆಗೆ ಅವನು ಲಿಫ್ಟನ್ನು ಮೂರನೇ ಮಹಡಿಯಲ್ಲಿ ನಿಲ್ಲಿಸಿ, ಒಳಗಿನ ಕನ್ನಡಿಗೆ ಮುಖ ಕೊಟ್ಟು ಕೈಯಿಂದಲೇ ಕೆಲಸ ಮಾಡಲು ನೋಡಿದ. ಒಂದು ಕೈಯಲ್ಲಿ ಮೇಲಿನ ದವಡೆ, ಇನ್ನೊಂದರಲ್ಲಿ ಗದ್ದ. ತುಟಿ ಕಿವಿಯವರೆಗೆ ಹೋಯಿತು, ಕೆನ್ನೆ ರಬ್ಬರಿನ ಹಾಗೆ ಹಿಗ್ಗಿತು, ಕಣ್ಣು ಮೇಲಕ್ಕೆ ತೇಲಿತು. ಅದೇ ಹೊತ್ತಿಗೆ ಟೈಲರನ ಹೆಂಡತಿ ಕಸದ ಬುಟ್ಟಿ ಹಿಡಿದು ಹೊರಗೆ ಬಂದಳು. ಜಾಲರಿಯ ಸಂದಿಯಿಂದ ಒಂದು ನೋಟ ನೋಡಿದಳು.

"ಅಯ್ಯೋ! ಮುಖ ಬಿಚ್ತಿದಾನೆ! ಒಳಗೆ ಇನ್ನೊಂದು ಇದೆ ಕಣ್ರೀ!"

ಬುಟ್ಟಿ ಮೆಟ್ಟಿಲ ಮೇಲೆ ಉರುಳಿತು. ಆ ಕೂಗು ಐದು ಮಹಡಿಗೂ ಕೇಳಿತು. ಲಿಫ್ಟಣ್ಣ "ಅಮ್ಮಾವ್ರೇ, ಹಾಗಲ್ಲ" ಎನ್ನಲು ಹೋದ. ಆದರೆ ದವಡೆಯಿಂದ ಕೈ ತೆಗೆದಿರಲಿಲ್ಲ. ಬಾಯಿಂದ ಬಂದ ಸದ್ದು ಯಾವ ಭಾಷೆಯದೂ ಆಗಿರಲಿಲ್ಲ.

ಐದು ಗಂಟೆಗೆ ಹಜಾರದಲ್ಲಿ ಎಲ್ಲರೂ ಸೇರಿದರು. ಕುರ್ಚಿಗಳನ್ನೆಲ್ಲ ಬೀದಿ ಬಾಗಿಲ ಹತ್ತಿರ ಹಾಕಿಕೊಂಡಿದ್ದರು. ಲಿಫ್ಟಣ್ಣ ಒಬ್ಬನೇ ಲಿಫ್ಟಿನ ಕಡೆ, ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕವನ ಹಾಗೆ ನಿಂತಿದ್ದ. ಸಂಘದ ಅಧ್ಯಕ್ಷರು ಪೈಪ್ ವ್ಯಾಪಾರಿ. ಮೊದಲಿನಿಂದ ಅವನನ್ನು "ಏಯ್ ಲಿಫ್ಟು" ಎಂದೇ ಕರೆಯುತ್ತಿದ್ದವರು. ಅವರು ಎದ್ದು ನಿಂತು ಕೈಮುಗಿದರು.

"ಲಿಫ್ಟಣ್ಣನವರೇ, ತಾವು ದಯವಿಟ್ಟು ಕೂತ್ಕೋಬೇಕು."

ಲಿಫ್ಟಣ್ಣ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ನಾವೆಲ್ಲ ಒಮ್ಮತದಿಂದ ಒಂದು ತೀರ್ಮಾನಕ್ಕೆ ಬಂದಿದೀವಿ. ಬಟನ್ ಬೇಡ. ತಾವು ಇರೋವರೆಗೂ ತಾವೇ ಇರ್ಬೇಕು. ಸ್ಟೂಲು ಬೇಡ, ಮೆತ್ತೆ ಇರೋ ಕುರ್ಚಿ ಹಾಕಿಸ್ತೀವಿ. ತಮಗೆ, ತಮ್ಮ ಕಡೆಯವರಿಗೆ ನಮ್ಮ ಮೇಲೆ ಯಾವ ಬೇಸರಾನೂ ಇರ್ಬಾರ್ದು. ಅಷ್ಟೇ ನಮ್ಮ ಪ್ರಾರ್ಥನೆ."

"ಹೌದು, ಹೌದು" ಎಂದು ಏಜೆಂಟ್ ಕುರ್ಚಿಯ ಹಿಂದಿನಿಂದ ದನಿಗೂಡಿಸಿದ.

ಲಿಫ್ಟಣ್ಣನ ಕಣ್ಣು ತುಂಬಿ ಬಂತು. ಇಪ್ಪತ್ತೆರಡು ವರ್ಷದ ನಿಯತ್ತು ಇವರ ಕಣ್ಣಿಗೆ ಬಿತ್ತಲ್ಲ, ನಾನು ಸುಮ್ಮನೆ ಅನುಮಾನ ಪಟ್ಟೆ ಎಂದುಕೊಂಡ. ಬೆಳಗಿನಿಂದ ಬಿಗಿದಿದ್ದ ಮೈಯೆಲ್ಲ ನೂಲು ಬಿಚ್ಚಿದ ಹಾಗೆ ಸಡಿಲವಾಯಿತು.

ಅಧ್ಯಕ್ಷರು ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು. ಆಗ ಕಾರ್ಯದರ್ಶಿ ಕೈ ಅಡ್ಡ ಹಿಡಿದರು. ನಿಯಮದ ಮನುಷ್ಯ ಅವರು. ಭೂಕಂಪವಾದರೂ ಮೊದಲು ಹಿಂದಿನ ಸಭೆಯ ನಡಾವಳಿ ಓದಬೇಕು ಎನ್ನುವವರು.

"ಹಿಂದಿನ ಸಭೆಯಲ್ಲಿ, ನೀರಿನ ಪಂಪಿನ ವಾಷರ್ ಬದಲಾಯಿಸುವ ಬಗ್ಗೆ ಸದಸ್ಯರು ದೀರ್ಘವಾಗಿ ಚರ್ಚಿಸಿ, ಸದರಿ ವಾಷರ್ ರಬ್ಬರಿನದೋ ಚರ್ಮದದೋ ಎಂಬ ಬಗ್ಗೆ ಅದರ ಹಿಂದಿನ ಸಭೆಯಲ್ಲಿ ತೆಗೆದುಕೊಂಡ ತೀರ್ಮಾನವನ್ನು ಪರಿಶೀಲಿಸಿ, ಸದರಿ ತೀರ್ಮಾನವನ್ನು ಮುಂದಿನ ಸಭೆಗೆ ಮುಂದೂಡಲು..."

ಲಿಫ್ಟಣ್ಣನ ಹೊಕ್ಕುಳ ಹತ್ತಿರ ಏನೋ ಅಲುಗಿತು. ಅದು ಮೆಲ್ಲಗೆ ಎದೆಗೆ ಏರಿತು, ಗಂಟಲಲ್ಲಿ ಒಂದು ಗಳಿಗೆ ನಿಂತಿತು. ಎಂದಿನ ಹಾಗೆ ನುಂಗಲು ಹೋದವನು ಥಟ್ಟನೆ ಎಚ್ಚೆತ್ತುಕೊಂಡ. ಬಂತಲ್ಲ! ಇನ್ನು ಇವರ ಮನಸ್ಸಿನಲ್ಲಿ ಒಂದು ಚೂರು ಕಲ್ಮಷವೂ ಉಳಿಯಬಾರದು ಎಂದು ಎಲ್ಲರಿಗೂ ಕಾಣುವ ಹಾಗೆ ಮುಂದೆ ಬಂದು, ಎರಡೂ ಕೈ ಚಾಚಿ, ಇಪ್ಪತ್ತೆರಡು ವರ್ಷದ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಆಕಳಿಸಿಬಿಟ್ಟ. ಅದು ಎಷ್ಟು ಹೊತ್ತು ನಡೆಯಿತೆಂದರೆ, ಕಾರ್ಯದರ್ಶಿ ವಾಷರ್ ಮುಗಿಸಿ ಪೈಪಿಗೆ ಬಂದಿದ್ದರು. ಏಜೆಂಟ್ ಆಕಳಿಸಿದ. ಟೈಲರ್, ಅವನ ಹೆಂಡತಿ, ಅಧ್ಯಕ್ಷರು, ಸಾಲಾಗಿ ಎಲ್ಲರೂ ಆಕಳಿಸಿದರು. ಕಡೆಗೆ ಕಾರ್ಯದರ್ಶಿಗಳೂ ಆಕಳಿಸಿ ಪುಸ್ತಕ ಮುಚ್ಚಿದರು.



"ಮನುಷ್ಯನೇ ಕಣ್ರೀ ಇವನು!" ಎಂದು ಟೈಲರನ ಹೆಂಡತಿ ಕೂಗಿದಳು. ಕುರ್ಚಿಗಳು ಉರುಳಿದವು. ಏಜೆಂಟ್ ಓಡಿಬಂದು ಅವನ ಬೆನ್ನು ತಟ್ಟಿದ. ಟೈಲರ್ ಕೈ ಕುಲುಕಿ, ಬಿಡದೆ ಕುಲುಕಿದ. ಲಿಫ್ಟಣ್ಣ ನಗುತ್ತ, ಅಳುತ್ತ, "ಹೇಳಿದ್ನಲ್ಲ ಸಾರ್, ಹೇಳಿದ್ನಲ್ಲ" ಎಂದ.

ಅಧ್ಯಕ್ಷರು ಮಾತ್ರ ಕೈಯಲ್ಲಿದ್ದ ಕಾಗದವನ್ನೂ ಪೆನ್ನನ್ನೂ ನೋಡುತ್ತ ನಿಂತಿದ್ದರು. ಮೆಲ್ಲಗೆ ಪೆನ್ನಿನ ಮುಚ್ಚಳ ಹಾಕಿದರು.

"ಅಲ್ರೀ, ಬರೀ ಮನುಷ್ಯ ಆದ್ರೆ ನಾವ್ಯಾಕೆ ಹೆದರ್ಬೇಕಾಗಿತ್ತು?" ಎಂದು ಕಾಗದವನ್ನು ಮಡಚಿ ಎರಡು ತುಂಡು ಮಾಡಿದರು. "ಏಯ್ ಲಿಫ್ಟು, ಸ್ವಲ್ಪ ಹೊರಗೆ ನಿಂತಿರು."

ಅವನು ಹೊರಗೆ, ಲಿಫ್ಟಿನಲ್ಲಿ, ನಿಂತಿದ್ದು ಎರಡು ನಿಮಿಷ. ಜಾಲರಿಯ ಸಂದಿಯಲ್ಲಿ ಕೈಗಳು ಏಳುವುದು ಕಾಣುತ್ತಿತ್ತು. ಬಟನ್ ಪರವಾಗಿ ಏಳದಿದ್ದ ಕೈ ಒಂದೇ.

ಆ ಕೈಯವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. "ಪೆದ್ದಾ" ಎಂದರು ಟೀಚರಮ್ಮ. "ಅವನನ್ನ ಕೆಲಸದಿಂದ ತೆಗೆದ್ರೆ ಅವನ ಕಡೆಯೋರು ಹಡಗು ತಗೊಂಡು ಇಳೀತಾರೆ ಅಂತ ಮಧ್ಯಾಹ್ನ ಪೂರ್ತಿ ಹಜಾರದಲ್ಲಿ ಕೂತು ಒಬ್ಬೊಬ್ಬರಿಗೂ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗಿದೆ. ಈ ಕಣ್ಣಲ್ಲಿ ನಾನು ಬಟನ್ ಎಲ್ಲಿ ಅಂತ ಹುಡುಕ್ಲೋ? ಇನ್ನೊಂದು ಐದು ನಿಮಿಷ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವೇನೋ ನಿನಗೆ?"

ಲಿಫ್ಟಣ್ಣ ಜಾಲರಿ ಬಾಗಿಲು ತೆರೆದ. ಅವರನ್ನು ಐದನೇ ಮಹಡಿಗೆ ಕರೆದುಕೊಂಡು ಹೋದ. ನೆಲಕ್ಕೆ ನೆಲ ಸಮನಾಗಿ, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲದೆ ನಿಲ್ಲಿಸಿದ.

ಬಟನ್ನಿನವರು ಬಂದು ಹಿಡಿ ಕಿತ್ತದ್ದು ಬುಧವಾರ. ಲಿಫ್ಟಣ್ಣ ಕಟ್ಟಡ ಬಿಟ್ಟು ಹೊರಟದ್ದು ಗುರುವಾರ, ಬೆಳಿಗ್ಗೆ.