ಭಾವನವರ ಹಗ್ಗ, ರಾಟೆ ಮತ್ತು ಅಕ್ಕ

ನಮ್ಮ ಭಾವನವರ ಕಣ್ಣಿಗೆ ಮನುಷ್ಯರು ಕಾಣುವುದೇ ಇಲ್ಲ. ಹಗ್ಗಕ್ಕೆ ಕಟ್ಟಿದ ತೂಕಗಳು ಮಾತ್ರ ಕಾಣುತ್ತವೆ! ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲು ತಳ್ಳಿ ನಿವೃತ್ತರಾದರೂ, ಎಂದೋ ಓದಿದ ಭೌತಶಾಸ್ತ್ರ ಅವರನ್ನು ಬಿಟ್ಟಿಲ್ಲ. ನಾನು ಅಕ್ಕನ ಜೊತೆ ಜಗಳವಾಡಿದರೂ ಸಾಕು, "ಎರಡು ವಸ್ತುವನ್ನೂ ಬೇರೆ ಬೇರೆ ಬರೀಬೇಕು, ಯಾರ ಮೇಲೆ ಎಷ್ಟು ಎಳೆತ ಅಂತ ಆಮೇಲೆ ನೋಡೋಣ" ಎಂದು ಪೆನ್ಸಿಲ್ ಹುಡುಕುತ್ತಾರೆ. ಇಂಥವರಿಗೆ ಏನು ಹೇಳುವುದು?

ಅವರದು ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ ಮೂರನೇ ಮಹಡಿ, ಲಿಫ್ಟಿಲ್ಲ. ಅಕ್ಕನ ಮಂಡಿ ಕೈಕೊಟ್ಟು ಎರಡು ವರ್ಷ. ಚಳಿಗಾಲದ ಬಿಸಿಲಿಗೆ ಕೆಳಗಿನ ಪಾರ್ಕಿನಲ್ಲಿ ನಾಲ್ಕು ಹೆಂಗಸರ ಜೊತೆ ಕೂತು ಬಟಾಣಿ ಬಿಡಿಸಬೇಕು, ಅಷ್ಟೇ ಅವಳ ಆಸೆ. ಇಂದಿರಾಪುರಂನಲ್ಲಿ ನಾನಿರುವ ಕಟ್ಟಡದಲ್ಲಿ ಮೂರು ಲಿಫ್ಟಿವೆ. ಆದರೆ ಅಲ್ಲಿಗೆ ಬರಲು ಮೊದಲು ಇಲ್ಲಿಂದ ಇಳಿಯಬೇಕಲ್ಲ! ಭಾವ ಲಿಫ್ಟಿನ ಅರ್ಜಿ ಹಿಡಿದು ಮನೆಮನೆ ತಿರುಗಿದರು. "ಹಮೇ ಕ್ಯಾ ಝರೂರತ್?" ನಮಗೆ ಯಾತಕ್ಕೆ ಎಂದು ನೆಲಮಹಡಿಯವರು ಸಹಿ ಹಾಕಲಿಲ್ಲ. ಒಮ್ಮೆ ಕುರ್ಚಿಯಲ್ಲಿ ಹೊತ್ತು ಇಳಿಸುವಾಗ ತಿರುವಿನಲ್ಲಿ ಕುರ್ಚಿ ವಾಲಿತು. "ಇನ್ನು ನಾನು ಇಳಿಯೋದು ನಾಲ್ಕು ಜನರ ಹೆಗಲ ಮೇಲೇ" ಎಂದು ಅಕ್ಕ ಆಣೆ ಹಾಕಿಬಿಟ್ಟಳು.

ಅವಳು ಇಳಿಯದಿದ್ದರೇನು, ಬಜಾರೇ ಮೇಲೆ ಬರಲಿ ಎಂದು ಭಾವ ಬಾಲ್ಕನಿಗೆ ರಾಟೆ ಹಾಕಿದರು. ಹಗ್ಗದ ಒಂದು ತುದಿಗೆ ಅಕ್ಕ ಊರಿಂದ ತಂದಿದ್ದ ರುಬ್ಬುವ ಗುಂಡು, ಇನ್ನೊಂದಕ್ಕೆ ಬುಟ್ಟಿ. ತರಕಾರಿ ಗುಂಡಿಗಿಂತ ಒಂದು ಹಿಡಿ ಹಗುರ ಇರಬೇಕು. ಗುಂಡು ಮೆಲ್ಲಗೆ ಇಳಿಯುತ್ತದೆ, ಬುಟ್ಟಿ ಮೆಲ್ಲಗೆ ಏರುತ್ತದೆ. "ಎರಡಕ್ಕೂ ಒಂದೇ ವೇಗೋತ್ಕರ್ಷ!" ಎಂದು ಬೀಗಿದರು. ಎಲ್ಲ ಲೆಕ್ಕ ಹಾಕಿದವರು ಒಂದನ್ನು ಮರೆತಿದ್ದರು. ದಿಲ್ಲಿಯ ಯಾವ ಗೃಹಿಣಿ ಬಿಟ್ಟಿ ಕೊತ್ತಂಬರಿ ಕೇಳದೆ ತರಕಾರಿ ಕೊಂಡಾಳು?

"ಭಯ್ಯಾ, ಧನಿಯಾ-ಮಿರ್ಚಿ?" ಎಂದು ಅಕ್ಕ ಮೇಲಿನಿಂದ ತರಕಾರಿ ಗಾಡಿಯವನಿಗೆ ಕೂಗಿದಳು. ಅವನು ಧಾರಾಳವಾಗಿ ಒಂದು ಹಿಡಿ ಕೊತ್ತಂಬರಿ, ಮೆಣಸಿನಕಾಯಿ ತುರುಕಿದ. ತೂಕ ಸಮವಾಯಿತು! ಭಾವ ಕೈಯಿಂದ ಜಗ್ಗಿ ಎರಡನೇ ಮಹಡಿಯವರೆಗೆ ತಂದು ಕೈಬಿಟ್ಟರೆ ಬುಟ್ಟಿ ಅಲ್ಲೇ ನಿಂತಿತು. ಅಲ್ಲಿನ ಆಂಟಿ ಸಹಾಯ ಮಾಡಲೋ ಏನೋ, ದೊಡ್ಡದೊಂದು ಹೂಕೋಸು ಎತ್ತಿಕೊಂಡರು. ಬುಟ್ಟಿ ಬಾಲ್ಕನಿಗೆ ಹಾರಿತು, ಗುಂಡು ಭಯ್ಯಾನ ಟೊಮೆಟೊ ಮೇಲೆ ಇಳಿಯಿತು!

ಎರಡು ವರ್ಷದಲ್ಲಿ ಅಕ್ಕ ನಕ್ಕದ್ದು ಅವತ್ತೊಂದೇ ದಿನ. ಅಕ್ಕಪಕ್ಕದವರು ಗಲಾಟೆ ಮಾಡಿ ರಾಟೆ ಬಿಚ್ಚಿಸಿದರು. ಆಮೇಲೆ ಅವಳು ಬಾಲ್ಕನಿಗೂ ಬರಲಿಲ್ಲ. ತಟ್ಟೆಯಲ್ಲಿ ಎರಡು ತುತ್ತು ಕೆದಕಿ ಎದ್ದುಬಿಡುವಳು. ನನಗಂತೂ ಕೈ ಚೆಲ್ಲಿ ಕೂರುವುದೊಂದೇ ಉಳಿದಿತ್ತು. ಭಾವನಿಗೋ ಅದೇ ಹೊತ್ತಿನಲ್ಲಿ ಹೊಸ ಹುಚ್ಚು! ತುಪ್ಪ ಬಿಟ್ಟರು, ಸಕ್ಕರೆ ಬಿಟ್ಟರು, ದಿನಾ ತೂಕದ ಯಂತ್ರ ಹತ್ತಿದರು, ಅಕ್ಕನನ್ನೂ ಬಲವಂತವಾಗಿ ಹತ್ತಿಸಿದರು. "ಏನು ಭಾವ, ಈ ವಯಸ್ಸಲ್ಲಿ ಇನ್ನೊಂದು ಮದುವೆಯೇ?" ಎಂದು ನಾನು ರೇಗಿಸಿದೆ. ಅವರು ನೋಟ್‌ಬುಕ್ ತೆರೆದು ಅಂದಿನ ತೂಕ ಬರೆದುಕೊಂಡರು.

ಕಳೆದ ಭಾನುವಾರ ಮಧ್ಯಾಹ್ನ ಅಕ್ಕನಿಗೆ ಬಡಿಸುತ್ತಿದ್ದೆ. ಭಾವ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ತಟ್ಟೆಯ ಪಕ್ಕ ಅವರ ನೋಟ್‌ಬುಕ್ ತೆರೆದಿತ್ತು. ಒಂದು ರಾಟೆ, ಎರಡು ತುದಿಗೆ ಎರಡು ಕುರ್ಚಿ. ಒಂದರ ಕೆಳಗೆ 'ನಾನು': 72, 69, 66, 63. ಇನ್ನೊಂದರ ಕೆಳಗೆ 'ಇವಳು': 68, 65, 63, 61. ಅಡಿಯಲ್ಲಿ, "ಇವಳು ನನಗಿಂತ ಸ್ವಲ್ಪ ಭಾರ ಇರಬೇಕು. ಆಗ ಮೆಲ್ಲಗೆ ಇಳಿಯುತ್ತಾಳೆ" ಎಂದಿತ್ತು.

ನಾನು ನಗಲು ಹೋದೆ, ಆಗಲಿಲ್ಲ. ಪುಸ್ತಕವನ್ನು ಅಕ್ಕನ ಮುಂದೆ ಸರಿಸಿದೆ. ಅವಳು ಬಹಳ ಹೊತ್ತು ನೋಡಿ ಗಂಡನನ್ನು ಎಬ್ಬಿಸಿದಳು.

"ನಾನು ಕೆಳಗೆ ಹೋದ್ರೆ ನೀವು ಮೇಲೆ ಸಿಕ್ಕಿಹಾಕ್ಕೊಳ್ತೀರಲ್ರೀ!"

"ನನಗೆ ಮೆಟ್ಟಿಲಿದೆಯಲ್ಲ," ಎಂದರು ಭಾವ, "ಓಡಿ ಬರ್ತೀನಿ."

ಆ ಕುರ್ಚಿ ಎಂದೂ ಇಳಿಯುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

"ಇನ್ನೊಂದು ಸೌಟು ಅನ್ನ ಹಾಕೋ. ತುಪ್ಪಾನೂ ಹಾಕು. ಅವರು ಇನ್ನು ಕರಗೋದು ಬೇಡ, ನಾನೇ ಮೂರು ಕಿಲೋ ಜಾಸ್ತಿ ಆಗ್ತೀನಿ."