ಕಾಯೋ ಗುಂಪು

“ಹತ್ತೊಂಬತ್ತಿದ್ದ ದುಃಖದ ಅಂಕ ನಾಲ್ಕಕ್ಕೆ ಇಳಿದಿದ್ದು ಹೇಗಮ್ಮಾ? ನಿಜ ಹೇಳಿ!”

“ಇಳಿದ್ರೆ ಒಳ್ಳೇದು ಅಂತ ನೀನೇ ಹೇಳಿದ್ದಲ್ವಾ?”

“ಒಳ್ಳೇದೇ. ಆದ್ರೆ ನಿಮಗಲ್ಲ!”

ಹೀಗೆ ಕೂಗಾಡುತ್ತಿದ್ದವನು ಪರೀಕ್ಷೆಯ ಕಚೇರಿಯವನು. ಮನಸ್ಸು ಕುಗ್ಗಿದವರು ಫೋನಿನಲ್ಲೇ ಪಾಠ ನೋಡಿಕೊಂಡು ಗುಣವಾಗುತ್ತಾರೋ ಇಲ್ಲವೋ ಎಂದು ಅಲ್ಲಿ ಪರೀಕ್ಷಿಸುತ್ತಿದ್ದರು. ಅರ್ಧ ಜನಕ್ಕೆ ಪಾಠ. ಉಳಿದರ್ಧಕ್ಕೆ ವಾರಕ್ಕೊಮ್ಮೆ ಫೋನಿನಲ್ಲಿ ಒಂಬತ್ತು ಪ್ರಶ್ನೆ, ಅಷ್ಟೆ. ಎದುರಿಗೆ ಕುಳಿತ ಹೊಲಿಗೆಯಮ್ಮ ಎರಡನೆಯ ಅರ್ಧದವರು. ರವಿಕೆಯ ತೋಳಿಗೆ ಚುಚ್ಚಿದ್ದ ಗುಂಡುಸೂಜಿ ತೆಗೆಯುವುದನ್ನೂ ಮರೆತು ಬಂದಿದ್ದರು.

“ಪಾಠ ಕೊಟ್ಟವರಿಗೆ ಇಳೀಬೇಕು. ನೀವು ಕಾಯೋ ಗುಂಪು.”

“ಏನು ಕಾಯೋದಪ್ಪಾ? ಹಾಲಾ, ಮನೆಯಾ?”

“ಸರದಿ! ಅದು ಬರೋವರೆಗೂ ನೀವು ಇದ್ದ ಹಾಗೇ ಇರಬೇಕಿತ್ತು.”

“ಮೊದಲೇ ಹೇಳಬಾರದಾ? ಇರ್ತಿದ್ದೆ.”

“ಕದ್ದು ಪಾಠ ನೋಡಿದ್ರಾ?”

“ಕದ್ದು ಏನು ಮಾಡ್ಲಿ? ಪಾಠದಲ್ಲಿ ಅಂಗಿ ಹೊಲಿಯೋಕಾಗುತ್ತಾ?”

“ನಿಮ್ಮಂಥೋರು ಇನ್ನೂ ನಾಲ್ಕು ಜನ ಇದ್ರೆ ನಮ್ಮ ಎರಡು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ! ಏನು ಮಾಡಿದ್ರಿ, ಹೇಳಿ.”

ಅವರು ಒಂದೊಂದೇ ಬೆರಳು ಮಡಿಸಿದರು.

“ಪ್ರತಿ ಗುರುವಾರ ಹತ್ತು ಗಂಟೆಗೆ ನೀನು ‘ಊಟ ಸೇರ್ತಿದೆಯಾ’ ಅಂತಿದ್ದೆ. ಪ್ರತೀ ಸಲ ಇಲ್ಲ ಅನ್ನೋಕೆ ನಾಚಿಕೆ ಆಗಲ್ವಾ? ಬುಧವಾರವೇ ಎರಡು ತುತ್ತು ಉಂಡೆ. ‘ನಿದ್ದೆ ಬರುತ್ತಾ’ ಅಂತೀಯಲ್ಲ ಅಂತ ದೀಪ ಆರಿಸಿ ಮಲಗಿದೆ. ‘ಕೆಲಸದಲ್ಲಿ ಆಸಕ್ತಿ ಇದೆಯಾ’ ಅಂದೆ ನೀನು. ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟೆ.”

“ಅಯ್ಯೋ, ಅದು ಬರೀ ಪ್ರಶ್ನೆ. ಚಿಕಿತ್ಸೆ ಅಲ್ಲಮ್ಮಾ!”

“ಯಜಮಾನರು ಹೋದ ಮೇಲೆ ಅಷ್ಟನ್ನಾದ್ರೂ ಯಾರು ಕೇಳಿದ್ರಪ್ಪಾ?”

ಅವನು ಒಂದು ಹಾಳೆ ಮುಂದೆ ಸರಿಸಿದ.

“ಹೋಗ್ಲಿ, ಸಹಿ ಹಾಕಿ. ಇವತ್ತಿಂದ ನಿಮಗೂ ಪಾಠ. ಇನ್ನು ನನ್ನ ಫೋನ್ ಬರಲ್ಲ.”

“ಪಾಠ ಹೇಳೋರು ಯಾರು?”

“ಯಾರೂ ಇಲ್ಲ. ಸ್ವಸಹಾಯ. ನಿಮಗೆ ನೀವೇ.”

“ನನಗೆ ನಾನೇ ಆಗಿದ್ದೇ ಕಾಯಿಲೆ ಅಲ್ವೇನಪ್ಪಾ?”

ಅವನು ಪೆನ್ನು ಮುಂದಿಟ್ಟ. ಹೊಲಿಗೆಯಮ್ಮನ ಕಣ್ಣು ಮೇಜಿನ ಮೇಲಿದ್ದ ಊಟದ ಡಬ್ಬಿಯ ಮೇಲೆ ಬಿತ್ತು. ಮುಚ್ಚಳ ತೆಗೆದಿರಲಿಲ್ಲ.

“ಇದು ಯಾವತ್ತಿನದು?”

“ನಿನ್ನೇದು. ನೂರಿಪ್ಪತ್ತು ಜನಕ್ಕೆ ಫೋನ್ ಮಾಡಬೇಕಮ್ಮಾ.”

“ಮತ್ತೆ ನಿನ್ನನ್ನ ಯಾರು ಕೇಳ್ತಾರೆ?”

“ಕೇಳೋನನ್ನ ಯಾರಾದ್ರೂ ಕೇಳ್ತಾರಾ!”

ಹೊಲಿಗೆಯಮ್ಮ ಸಹಿ ಹಾಕಲಿಲ್ಲ. ಮೇಜಿನ ಮೇಲಿದ್ದ ಒಂಬತ್ತು ಪ್ರಶ್ನೆಗಳ ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದರು.

ಮುಂದಿನ ಗುರುವಾರ ಸರಿಯಾಗಿ ಹತ್ತು ಗಂಟೆಗೆ ಅವನ ಫೋನು ಗಣಗಣಿಸಿತು.

“ಮೊದಲನೇ ಪ್ರಶ್ನೆ. ಊಟ ಸೇರ್ತಿದೆಯಾ?”

ಅವನು ಡಬ್ಬಿಯತ್ತ ನೋಡಿದ. ಇಲ್ಲ ಎನ್ನಲು ನಾಚಿಕೆಯಾಯಿತು.

“ಅಮ್ಮಾ, ಎರಡು ತುತ್ತು ಉಂಡು ಉತ್ತರ ಹೇಳ್ತೀನಿ. ಕಾಯ್ತೀರಾ?”

“ಕಾಯದೇ ಏನು? ನಂದು ಅದೇ ಗುಂಪಲ್ವಾ!”